ಜಮಖಾನದ ಕೆಳಗಿನ ವಯರು

ಪ್ರೀತಿಯ ದೊಡ್ಡಪ್ಪ,

ಅಲ್ಲಿ ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಇಲ್ಲಿ ಎಲ್ಲ ಹಾಗೇ ಇದೆ. ಸೂರತ್ತಿನ ಉಧ್ನಾದ ನಮ್ಮ ಹೋಟೆಲಿನಲ್ಲಿ ಈಗಲೂ ಭಾನುವಾರ ಮಧ್ಯಾಹ್ನ ಮೂರಕ್ಕೆ ಶಟರು ಅರ್ಧ ಇಳಿಯುತ್ತದೆ, ಕುರ್ಚಿಗಳು ಮೇಜಿನ ಮೇಲೇರುತ್ತವೆ, ನೀವು ಊರಿನಿಂದ ತಂದ ಕೆಂಪು ಪಟ್ಟೆಯ ಜಮಖಾನ ಹಾಸಿ ಭಜನೆಗೆ ಕೂರುತ್ತೇವೆ. ದೊಡ್ಡಮ್ಮನ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ. ನೋಡಿ, ಹೇಳಬೇಕಾದ ಒಂದು ಮಾತನ್ನು ಬಿಟ್ಟು ಮಂಡಿನೋವಿನ ಸುದ್ದಿ ಬರೆಯುತ್ತಿದ್ದೇನೆ. ನಿಮ್ಮ ಸುಜಿ ಮೊದಲಿನಿಂದಲೂ ಹೀಗೇ ಅಲ್ಲವೇ? ತಪ್ಪು ಮಾಡಿದ ದಿನವೇ ಎಲ್ಲಿಲ್ಲದ ಮಾತು.

ಹೋದ ವರ್ಷ ವಡೋದರಾದ ಭಜನೆ ಸ್ಪರ್ಧೆಗೆ ಹೋಗೋಣ ಎಂದು ನಿಮ್ಮನ್ನು ಒಪ್ಪಿಸಿದವಳು ನಾನೇ. ನೀವು ಬೇಡ ಎಂದಿರಿ. "ಭಜನೆಗೆ ಎಂತ ಫಸ್ಟು, ಎಂತ ಸೆಕೆಂಡು ಮಾರಾಯ್ತಿ? ದೇವರು ಮಾರ್ಕು ಹಾಕ್ಲಿಕ್ಕೆ ಕೂತಿದ್ದಾನಾ?" ಎಂದು ನಕ್ಕಿರಿ. ನಾನು ಕೇಳಬೇಕಲ್ಲ! ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನನ್ನ ಸಂಗೀತದ ಕ್ಲಾಸು, ಮೂವತ್ತು ಮಕ್ಕಳು, ಗೋಡೆಯ ಮೇಲೆ ನನ್ನ ಸರ್ಟಿಫಿಕೇಟುಗಳು. ಶ್ರುತಿ ಸೇರಬೇಕು, ಲಯ ನಿಲ್ಲಬೇಕು, ಆಗ ಮಾತ್ರ ಅದು ಸಂಗೀತ, ಉಳಿದದ್ದೆಲ್ಲ ಬರೀ ಸದ್ದು ಎಂದು ಆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಅಂಥವಳ ಮನೆಯವರೇ ಬೇಸುರಾಗಿ ಹಾಡಿದರೆ ನನ್ನ ಮರ್ಯಾದೆ ಏನಾಗಬೇಕು? ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಪ್ರತಿ ಭಾನುವಾರ ಬೆಳಗಿನ ರೈಲಿಗೆ ಮಗಳು ನಿಧಿಯನ್ನೂ ಕರೆದುಕೊಂಡು ಸೂರತ್ತಿಗೆ ಬಂದು ಅಭ್ಯಾಸ ಮಾಡಿಸಿದೆ. ಅಡುಗೆಯ ರಾಮಣ್ಣ ಶ್ರುತಿಗೆ ಬಂದರು. ಪಾತ್ರೆ ತೊಳೆಯುವ ಕಮುಬೆನ್, ಕನ್ನಡದ ಒಂದಕ್ಷರ ಬಾರದ ಗುಜರಾತಿ ಹೆಂಗಸು, ಅವಳು ಕೂಡ ಬಂದಳು. ತಾಳಕ್ಕೆ ಬಾರದವರು ನೀವೊಬ್ಬರೇ. ಮುಂದೆ ಕೂತವರು ಒಂದು ಸಾಲು ಹೇಳಿ, ಎಲ್ಲರೂ ಅದನ್ನು ತಿರುಗಿ ಹೇಳಿದರೆ, ನಿಮ್ಮ ದಪ್ಪ ದನಿ ಅರ್ಧ ಸಾಲು ಹಿಂದೆ ಬರುತ್ತಿತ್ತು. ಒಂದೊಂದೇ ಮಾತು ಬಿಡಿಸಿಟ್ಟ ಹಾಗೆ, ಗಟ್ಟಿಯಾಗಿ. ಇಡೀ ಗುಂಪಿನ ಬಾಲ ಎಳೆದಂತಾಗುತ್ತಿತ್ತು. ನಲವತ್ತು ವರ್ಷ ಗ್ರೈಂಡರಿನ ಪಕ್ಕ ನಿಂತು ನಿಮ್ಮ ಕಿವಿ ಮಂದವಾಗಿದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಒಮ್ಮೆಯಾದರೂ ನಿಮ್ಮನ್ನು ಕೇಳಿದೆನೇ?

ಒಂದು ದಿನ ಸಿಟ್ಟು ತಡೆಯಲಾಗದೆ ಎಲ್ಲರ ಎದುರೇ, "ದೊಡ್ಡಪ್ಪ, ತಾಳ ತಪ್ಪಿದ ಮೇಲೆ ಅದು ಹಾಡೇ ಅಲ್ಲ" ಎಂದುಬಿಟ್ಟೆ. ಹಿಂದಿನ ಗಲ್ಲಿಯ ಮಗ್ಗಗಳ ಖಟ್‌ಖಟ್ ಒಂದೇ ಕೇಳುತ್ತಿತ್ತು. ನೀವು ಆ ಕಡೆ ಬೆರಳು ತೋರಿಸಿ, "ಅದರ ತಾಳ ಬೆಳಗಿನಿಂದ ಒಮ್ಮೆ ತಪ್ಪಿದ್ದುಂಟಾ? ಹಾಗಾದ್ರೆ ಅದು ಹಾಡಾ?" ಎಂದು ಕೇಳಿದಿರಿ. ಅದಕ್ಕೆ ಶ್ರುತಿ ಇಲ್ಲ ಎಂದೆ. "ಶ್ರುತಿ ಪೆಟ್ಟಿಗೆಯನ್ನು ಮಗ್ಗದ ಮೇಲೆ ಇಟ್ರೆ?" ಎಂದಿರಿ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಓದಿದವಳಿಗೆ ಇಡ್ಲಿ ಬೇಯಿಸುವವರು ಪಾಠ ಹೇಳುವುದೇ ಎಂದುಕೊಂಡೆ. ಹೌದು, ಇದೇ ಮಾತು ಮನಸ್ಸಿನಲ್ಲಿ ಬಂದದ್ದು. ಆ ಇಡ್ಲಿ ತಿಂದೇ ಬೆಳೆದವಳು, ಥೂ.

ಸ್ಪರ್ಧೆಯ ದಿನ ವೇದಿಕೆಯಲ್ಲಿ ನಾಲ್ಕು ಮೈಕುಗಳಿದ್ದವು. ಐದನೆಯದನ್ನು ನನ್ನ ಕ್ಲಾಸಿನಿಂದ ತಂದಿದ್ದೆ. "ದೊಡ್ಡಪ್ಪ, ಇದು ನಿಮಗೊಬ್ಬರಿಗೇ" ಎಂದು ಕೊನೆಯಲ್ಲಿ ನಿಮ್ಮನ್ನು ಕೂರಿಸಿ ಎದುರಿಗೆ ನಿಲ್ಲಿಸಿದೆ. ನಿಮಗೆ ಎಷ್ಟು ಖುಷಿ! ಅಂಗಿಯ ಕಾಲರು ಸರಿಮಾಡಿಕೊಂಡು, ರಾಮಣ್ಣನ ಕಡೆ ತಿರುಗಿ, "ನೋಡು, ನಂಗೆ ಸ್ಪೆಷಲ್" ಎಂದಿರಿ. ಆ ಮೈಕಿನ ವಯರು ಎಲ್ಲಿಗೂ ಹೋಗಿರಲಿಲ್ಲ ದೊಡ್ಡಪ್ಪ. ಅದರ ತುದಿಯನ್ನು ವೇದಿಕೆಯಲ್ಲಿ ಹಾಸಿದ್ದ ನಿಮ್ಮದೇ ಜಮಖಾನದ ಕೆಳಗೆ ತುರುಕಿದ್ದೆ. ಬುದ್ಧಿವಂತಿಕೆ ಎಂದೇ ಅಂದುಕೊಂಡಿದ್ದೆ. ನಿಮಗೂ ಬೇಜಾರಿಲ್ಲ, ಹಾಡಿಗೂ ತೊಂದರೆ ಇಲ್ಲ ಎಂದು…

ಮೊದಲ ಬಹುಮಾನ ಬಂತು. ಫೋಟೋ, ಶಾಲು, ಚಪ್ಪಾಳೆ, ನಾನಂತೂ ನೆಲದ ಮೇಲಿರಲಿಲ್ಲ. ಆ ಗಡಿಬಿಡಿಯಲ್ಲಿ ಒಂದು ವಿಷಯ ಮರೆತಿದ್ದೆ. ಭಜನೆ ಮುಗಿದ ಮೇಲೆ ಜಮಖಾನ ಮಡಚುವುದು ನೀವೇ. ಬೇರೆ ಯಾರಿಗೂ ಮುಟ್ಟಲು ಬಿಡುವವರಲ್ಲ. ಮೂವತ್ತೈದು ವರ್ಷ ಕಂಡ ಪದ್ಧತಿಯನ್ನು ಆ ಒಂದು ದಿನ ಹೇಗೆ ಮರೆತೆನೋ.

ವಡೋದರಾ ಸ್ಟೇಷನ್ನಿನಲ್ಲಿ, ನೀವು ಸೂರತ್ತಿನ ಕಡೆಗೆ, ನಾವು ಅಹಮದಾಬಾದಿನ ಕಡೆಗೆ ಹೊರಟು ನಿಂತಾಗ, ಚೀಲದಿಂದ ಆ ವಯರನ್ನು ತೆಗೆದು ನನ್ನ ಕೈಗಿಟ್ಟಿರಿ. ಅಂದವಾಗಿ ಸುತ್ತಿ, ಮೇಲೊಂದು ರಬ್ಬರ್‌ಬ್ಯಾಂಡು ಹಾಕಿದ್ದಿರಿ. "ಇದು ನಿನ್ನದಲ್ವಾ ಮಗಾ? ಅಲ್ಲೇ ಬಿದ್ದಿತ್ತು. ಜಾಗ್ರತೆ ಇಟ್ಕೋ" ಎಂದಿರಿ, ಅಷ್ಟೇ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ನಿಮ್ಮ ಕಣ್ಣು ನೋಡಲಾಗದೆ ನಿಧಿಯ ನೀರಿನ ಬಾಟಲಿ ಹುಡುಕುವವಳಂತೆ ಚೀಲಕ್ಕೆ ತಲೆ ಹಾಕಿದೆ. ತಲೆ ಎತ್ತುವಷ್ಟರಲ್ಲಿ ನಿಮ್ಮ ರೈಲು ಬಂದಿತ್ತು.

ಆಮೇಲಿನ ಭಾನುವಾರಗಳಲ್ಲಿ ನೀವು ಬಾಯಿ ತೆರೆಯಲಿಲ್ಲ. ಬಂದು ಕೂತು, ಕೈಯಲ್ಲಿ ತಾಳ ಹಿಡಿದು, ಸುಮ್ಮನೆ ಕೇಳುತ್ತಿದ್ದಿರಂತೆ. ಫೋನಿನಲ್ಲಿ ವಿಚಾರಿಸಿದರೆ, "ಗಂಟಲು ಸರಿ ಇಲ್ಲ ಮಗಾ" ಎಂದಿರಿ. ಸರಿ, ಬಿಸಿನೀರು ಕುಡಿಯಿರಿ ಎಂದೆ. ಬಿಸಿನೀರು! ಮುಂದಿನ ವಾರ ಬಂದು ಕಾಲು ಹಿಡಿಯುತ್ತೇನೆ, ಹಬ್ಬಕ್ಕೆ ಬಂದಾಗ ಹೇಳುತ್ತೇನೆ, ಕ್ಲಾಸಿಗೆ ರಜೆ ಬರಲಿ… ಎಂದು ಐದು ತಿಂಗಳು ಕಳೆದೆ. ಒಂದು ಬೆಳಿಗ್ಗೆ ಹಿಟ್ಟು ನೋಡಲು ಹೋದವರು ಅಲ್ಲೇ ಕುಸಿದಿರಿ. ನಾನು ಬರುವಷ್ಟರಲ್ಲಿ ನಿಮಗೆ ಏನೂ ಕೇಳುವಂತಿರಲಿಲ್ಲ.

ನೀವು ಹೋದ ಎರಡನೆಯ ತಿಂಗಳು ಮತ್ತೆ ಭಜನೆಗೆ ಕೂತೆವು. ಶ್ರುತಿ ಸರಿ ಇತ್ತು, ತಾಳ ಸರಿ ಇತ್ತು. ಆದರೆ ಮೂರನೆಯ ಹಾಡಿಗೆ ಕಮುಬೆನ್ ಬರೀ ತುಟಿ ಅಲ್ಲಾಡಿಸುತ್ತಿದ್ದಳು. ನಿಧಿಯಂತೂ ಹಾಡುವುದನ್ನೇ ನಿಲ್ಲಿಸಿ ಮೂಲೆಯಲ್ಲಿ ಮೊಬೈಲು ಹಿಡಿದಿದ್ದಳು. ಏನೇ ಇದು ಎಂದು ಗದರಿದೆ. ಅವಳ ಕನ್ನಡ ನಿಮಗೆ ಗೊತ್ತಲ್ಲ. "ನೀವೆಲ್ಲ ಫಾಸ್ಟ್ ಹಾಡ್ತೀರ ಮಮ್ಮಿ. ಅಜ್ಜ ಲೇಟಾಗಿ ಹಾಡ್ತಿದ್ರಲ್ಲ, ಅದನ್ನ ಕೇಳಿ ನಾನು ಹಾಡ್ತಿದ್ದೆ. ಈಗ ನಂಗೆ ವರ್ಡ್ಸ್ ಸಿಗಲ್ಲ" ಎಂದಳು. ಕಮುಬೆನ್‌ಗೆ ಮಾತು ತಿಳಿಯದಿದ್ದರೂ ಸಂಗತಿ ತಿಳಿಯಿತು. "ಕಾಕಾ ಹಮಾರೇ ಲಿಯೇ ರುಕ್ತೇ ಥೇ" ಎಂದಳು. ನಮಗಾಗಿ ನಿಲ್ಲುತ್ತಿದ್ದರು, ಅಂದಳು.

ಮತ್ತೆ ಕಿವಿ? ನಾನು ದೊಡ್ಡಮ್ಮನನ್ನು ಕೇಳಿದೆ. "ಕಿವಿಗೆ ಎಂತ ಆಗಿತ್ತು ಅವರಿಗೆ? ಒಳಗೆ ಹಾಲು ಉಕ್ಕುದು ಗಲ್ಲಾದಲ್ಲಿ ಕೂತು ಗೊತ್ತಾಗ್ತಿತ್ತು" ಎಂದರು. ಏಳು ವರ್ಷದವಳಿದ್ದಾಗ ನನಗೂ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, ಅಲ್ಲವೇ ದೊಡ್ಡಪ್ಪ? ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಹಿಂದಿ. ನಿಮ್ಮ ತೊಡೆಗೆ ಒರಗಿ ಕೂತು, ನಿಮ್ಮ ತುಟಿ ನೋಡುತ್ತ, ಅರ್ಧ ಸಾಲು ಹಿಂದೆ ನಿಮ್ಮ ಜೊತೆಗೇ ಹಾಡುತ್ತಿದ್ದೆ. ನನ್ನ ಮೊದಲ ಹಾಡು ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ಆ ತಾಳ ತಪ್ಪಿದ ದನಿಯಿಂದ. ಅದನ್ನೇ ನಾನು ಹಾಡೇ ಅಲ್ಲ ಎಂದೆ. ಮಗ್ಗದ ಸದ್ದು ಯಾಕೆ ಹಾಡು ಅಲ್ಲ ಎಂದು ಅವತ್ತು ಕೇಳಿದಿರಲ್ಲ. ಅದು ಯಾರಿಗೂ ಕಾಯುವುದಿಲ್ಲ, ಅದಕ್ಕೇ ಎಂದು ಈಗ ಹೇಳಬಲ್ಲೆ. ಕೇಳಿಸಿಕೊಂಡು ನಗಲು ನೀವಿಲ್ಲ. ನಾಚಿಕೆಯಾಗುತ್ತದೆ ದೊಡ್ಡಪ್ಪ, ಅನ್ನದ ತುತ್ತು ಎತ್ತುವಾಗ ಕೂಡ ನೆನಪಾಗಿ ನಾಚಿಕೆಯಾಗುತ್ತದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಮತ್ತೆ ವಡೋದರಾಕ್ಕೆ ಹೋಗಿದ್ದೆವು. ಹಾಡು ಹೇಳಿಕೊಡಲು ರಾಮಣ್ಣನನ್ನು ಮುಂದೆ ಕೂರಿಸಿ, ನಿಮ್ಮ ತಾಳ ಹಿಡಿದು ನಾನು ಕೊನೆಯಲ್ಲಿ ಕೂತೆ, ಎಡಕ್ಕೆ ನಿಧಿ, ಬಲಕ್ಕೆ ಕಮುಬೆನ್. ಎಲ್ಲರೂ ಹೇಳಿದ ಮೇಲೆ, ಅರ್ಧ ಸಾಲು ಹಿಂದೆ, ಒಂದೊಂದೇ ಮಾತು ಬಿಡಿಸಿ ಹಾಡಿದೆ. ಕಲಿತ ಗಂಟಲು ಮೊದಲು ಒಪ್ಪಲಿಲ್ಲ, ಎರಡು ಕಡೆ ಓಡಿಹೋಯಿತು. ಹಿಡಿದು ನಿಲ್ಲಿಸಿದೆ. ನಿಧಿ ಕೊನೆಯ ಮಂಗಳದವರೆಗೂ ಒಂದು ಮಾತನ್ನೂ ಬಿಡಲಿಲ್ಲ.

ಬಹುಮಾನ ಬರಲಿಲ್ಲ. ತೀರ್ಪುಗಾರರು ಎದ್ದು, "ಸೂರತ್ತಿನ ತಂಡ ಚೆನ್ನಾಗಿದೆ, ಆದರೆ ಹಿಂದಿನಿಂದ ಒಂದು ದನಿ ಎಳೆಯುತ್ತಿತ್ತು. ಯಾರದು?" ಎಂದು ಕೇಳಿದರು. ಸಭೆಯಲ್ಲಿ ನನ್ನ ಕ್ಲಾಸಿನ ಮಕ್ಕಳ ತಂದೆತಾಯಂದಿರೂ ಇದ್ದರು. ನಾನು ಕೈ ಎತ್ತಿದೆ.

ಆಮೇಲೆ ಜಮಖಾನವನ್ನು ನಾನೇ ಮಡಚಿದೆ ದೊಡ್ಡಪ್ಪ. ಅದರ ಕೆಳಗೆ ಏನೂ ಇರಲಿಲ್ಲ.

ನಿಮ್ಮ
ಸುಜಿ