ಒಂದು ಚೆಂಡಿಗೆ ಇಬ್ಬರು

ಶನಿವಾರ, ಮಾರ್ಚ್ 2

ಶೆಡ್ಡಿನ ಬೀಗ ಮತ್ತೆ ಹಿಡಿದುಕೊಂಡಿತ್ತು. ಎಣ್ಣೆ ಬಿಟ್ಟು, ಬೈದು, ಬಾಗಿಲಿಗೆ ಒಂದು ಒದೆ ಕೊಟ್ಟ ಮೇಲೆ ತೆರೆಯಿತು. ಬಕೆಟ್ಟುಗಳಿಗೆ ಗಾಲ್ಫ್ ಚೆಂಡು ತುಂಬಿದೆ. ಮಕ್ಕಳಿಗೆಂದು ಗಿಡ್ಡ ಮಾಡಿಸಿದ ಸ್ಟಿಕ್ಕುಗಳನ್ನು ಗೋಡೆಗೆ ಒರಗಿಸಿದೆ. ಸೀಟಿ ಊದಿದೆ. ಬಂದವು ಶನಿವಾರದ ಪಾಠದ ಮರಿಗಳು, ಕಿರುಚಿಕೊಂಡು.

ಅವಳಿ ಹುಡುಗರು ಇವತ್ತೂ ಬಂಕರ್ ಗುಂಡಿಯ ಮರಳಿನಲ್ಲಿ ಮನೆ ಕಟ್ಟಿದರು. ಕಿವಿ ಹಿಂಡುವ ಕಾಲ ಹೋಯಿತಲ್ಲ... ಮತ್ತೆ ಸೀಟಿ. ಅದಕ್ಕೇ ನನಗೆ ಸೀಟಿ ಆಂಟಿ ಎಂದು ಹೆಸರು. ಎದುರಿಗೆ ಸೀಟಿ ಆಂಟಿ, ಬೆನ್ನ ಹಿಂದೆ ಬರೀ ಸೀಟಿ. ಗೊತ್ತು ನನಗೆ.

ಕ್ಲಬ್ಬಿನ ಸೆಕ್ರೆಟರಿ ನೋಟಿಸ್ ಅಂಟಿಸಿ ಹೋದರು. ಜೋಡಿ ಕಪ್, 24ನೇ ತಾರೀಕು, ಭಾನುವಾರ. ಒಂದು ಮಗು, ಜೊತೆಗೆ ಒಬ್ಬರು ದೊಡ್ಡವರು. ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಪ್ರತಿ ವರ್ಷ ಪಟ್ಟಿ ಮಾಡುವವಳು ನಾನು. ಸೀಟಿ ಊದಿ ಒಂದೊಂದೇ ಜೋಡಿಯನ್ನು ಕಳಿಸುವವಳು ನಾನು. ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಕೂತು ಕಾಫಿ ಕುಡಿಯುವವಳೂ ನಾನೇ. ಗಂಡನಿಲ್ಲ, ಮಕ್ಕಳಿಲ್ಲ, ನನಗೆಲ್ಲಿಯ ಜೋಡಿ.

ಎಲ್ಲ ಹೋದರೂ ಎಡಚಿ ಹೋಗಿರಲಿಲ್ಲ. ರಸ್ತೆಯಾಚೆಯ ಶಾಲೆಯ ಹುಡುಗಿ, ಹನ್ನೊಂದು ವರ್ಷ. ಇಡೀ ಗುಂಪಿನಲ್ಲಿ ಎಡಗೈಯವಳು ಇವಳೊಬ್ಬಳೇ, ಅದಕ್ಕೇ ಎಲ್ಲರ ಬಾಯಲ್ಲೂ ಎಡಚಿ. ಇವಳಿಗಾಗಿ ಎಡಗೈ ಸ್ಟಿಕ್ಕು ಹುಡುಕಿ ಹುಡುಕಿ ಸಾಕಾಗಿತ್ತು ನನಗೆ.

"ಆಂಟಿ, ನಮ್ಮಪ್ಪ ಲಾರಿ ಮೇಲಿರ್ತಾರೆ. ಅಮ್ಮಂಗೆ ಭಾನುವಾರಾನೂ ಡ್ಯೂಟಿ. ನಂಗೆ ಜೋಡಿ ಇಲ್ಲ."

"ಹ್ಞೂಂ."

"ನಿಮ್ಗೂ ಇಲ್ಲ ಅಲ್ವಾ?"

ಏನು ಬಾಯಿಯಪ್ಪಾ ಈ ಹುಡುಗಿಗೆ! ಇಲ್ಲ ಅಂದೆ.

"ಮತ್ತೆ?"

ಮತ್ತೇನು. ಆಯಿತು ಅನ್ನಲು ಹೋದೆ, ಸೀಟಿ ಬಾಯಲ್ಲೇ ಇತ್ತು, ಪೀ ಎಂದಿತು. ಇಬ್ಬರೂ ನಕ್ಕೆವು. ಮನೆಗೆ ಬಂದ ಮೇಲೂ ನಗು ಬರುತ್ತಿತ್ತು.

ಮಂಗಳವಾರ, ಮಾರ್ಚ್ 5

ಅಕ್ಕನ ಫೋನ್. ಹೇಳಬಾರದಿತ್ತು, ಹೇಳಿಬಿಟ್ಟೆ.

"ಈ ವಯಸ್ಸಲ್ಲಿ ಮಕ್ಕಳ ಜೊತೆ ಪಂದ್ಯಾನಾ? ಸೊಂಟ ಹಿಡ್ಕೊಂಡ್ರೆ ನಾನಂತೂ ಬರಲ್ಲ ನೋಡು."

"ನೀನು ಯಾವಾಗ ಬಂದಿದ್ದೀಯ ಅಕ್ಕಾ?"

ಅಕ್ಕ ಮಾತು ತಿರುಗಿಸಿದಳು. ಆಮೇಲೆ ಮೊಮ್ಮಗುವಿಗೆ ಹಲ್ಲು ಬಂದ ಕಥೆ.

ಸಂಜೆ ಹೊಸ ಗ್ಲೌಸ್ ತಂದೆ. ಅಂಗಡಿಯವನು, "ಮೊಮ್ಮಗಳಿಗಾ ಮೇಡಂ?" ಅಂದ. ನನಗೇ ಕಣಯ್ಯ, ಅಂದೆ. ಮನೆಯಲ್ಲಿ ಹಾಕಿಕೊಂಡೇ ಹಾಲು ಕಾಯಿಸಿದೆ. ನೋಡುವವರು ಯಾರಿದ್ದಾರೆ.

ಶನಿವಾರ, ಮಾರ್ಚ್ 9

ಮಕ್ಕಳೆಲ್ಲ ಹೋದ ಮೇಲೆ ನಾವಿಬ್ಬರು ಉಳಿದೆವು. ಅವಳು ಹೊಡೆದ ಚೆಂಡು ಮೈದಾನದ ಮಧ್ಯಕ್ಕೆ ನೆಟ್ಟಗೆ ಹೋಗಿ ಕೂತಿತು. ನಾನು ಅದನ್ನು ಹೊಡೆದು ಪೊದೆಯೊಳಗೆ ಹಾಕಿದೆ.

"ಅಯ್ಯೋ, ಸಾರಿ ಪುಟ್ಟಾ."

ಅಂದ ಮೇಲೆ ನೆನಪಾಯಿತು. ಈ ಆಟಕ್ಕೆ ಹಳಬರದೊಂದು ಪದ್ಧತಿ ಇದೆ: ಜೋಡಿಯವರಿಗೆ ಸಾರಿ ಹೇಳುವಂತಿಲ್ಲ. ಚೆಂಡು ಇಬ್ಬರದು, ಎಲ್ಲಿ ಬಿದ್ದರೂ ಇಬ್ಬರದೇ. ಸಾರಿ ಹೇಳುತ್ತಾ ಕೂತರೆ ಒಂಬತ್ತು ಕುಳಿಗಳ ಆಟ ಮುಗಿಯುವಷ್ಟರಲ್ಲಿ ಬಾಯಿ ಒಣಗುತ್ತದೆ. ಅವಳಿಗೆ ಇದನ್ನೇ ಹೇಳಿದೆ.

"ಬೇಕು ಅಂತಾನೇ ಕೆಡಿಸಿದ್ರೆ?"

"ಜೋಡೀಲಿ ಯಾರಾದ್ರೂ ಬೇಕು ಅಂತ ಕೆಡಿಸ್ತಾರೇನೇ? ತಲೆ ತಿನ್ಬೇಡ, ಹೋಗಿ ಹೊಡಿ."

ಪೊದೆಯೊಳಗೆ ನುಗ್ಗಿ ಹೊಡೆದಳು. ಮೈಯೆಲ್ಲ ಎಲೆ. ಪ್ರತಿ ಹೊಡೆತವನ್ನೂ ನನ್ನ ಕೈಲಿ ವಿಡಿಯೋ ಮಾಡಿಸಿ ಅಪ್ಪನಿಗೆ ಕಳಿಸುತ್ತಾಳೆ.

ಶನಿವಾರ, ಮಾರ್ಚ್ 16

ಮೂರು ಕುಳಿ ಒಂದು ಮಾತೂ ಇಲ್ಲದೆ ಆಡಿದೆವು. ಇಂಥ ಖುಷಿ ನನಗೆ ಯಾವಾಗ ಆಗಿತ್ತೋ. ಹೋಗುವಾಗ, "ನಾಳೇನೂ ಬರ್ಲಾ ಆಂಟಿ?" ಅಂದಳು. ನನ್ನನ್ನು ಹಾಗೆ ಕೇಳಿದವರು...

ಸೋಮವಾರ, ಮಾರ್ಚ್ 18

ಮಧ್ಯಾಹ್ನ ಗೊತ್ತಿಲ್ಲದ ನಂಬರ್. ಹಿಂದೆ ಎಂಜಿನ್ ಸದ್ದು.

"ಮೇಡಂ, ನಾನು ಎಡಚಿ ಅಪ್ಪ. ಆ ಭಾನುವಾರ ಲೋಡ್ ಇಳಿಸಿ ಸೀದಾ ಬಂದ್ರೆ ಹತ್ತು ಗಂಟೆಗೆಲ್ಲ ತಲುಪ್ತೀನಿ. ಹತ್ತರ ಮೇಲೆ ಯಾವ್ದಾದ್ರೂ ಜಾಗ ಇದ್ರೆ... ನಾನೇ ಅವಳ ಜೊತೆ ಆಡ್ಬೋದಾ ಅಂತ."

ನಿಮಗೆ ಆಟ ಬರುತ್ತಾ, ಅಂದೆ. ಧ್ವನಿ ಯಾಕೋ ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಧ್ವನಿಯಾಗಿತ್ತು.

"ಅವಳು ಕಳ್ಸೋ ವಿಡಿಯೋ ನೋಡ್ಕೊಂಡು ಕಲೀತಿದ್ದೀನಿ. ಲಾರಿ ನಿಲ್ಸಿದ ಕಡೆಯೆಲ್ಲ ಒಂದು ಕೋಲು, ಬಾಟ್ಲಿ ಮುಚ್ಚಳ. ಬೇರೆ ಡ್ರೈವರ್‌ಗಳು ಬಿದ್ದು ಬಿದ್ದು ನಗ್ತಾರೆ." ಅವರೂ ನಕ್ಕರು. "ಅವಳಿಗೆ ಹೇಳ್ಬೇಡಿ ಮೇಡಂ. ಸುಮ್ನೆ ಬಂದು ಎದುರಿಗೆ ನಿಂತ್ಕೋಬೇಕು."

ನೋಡ್ತೀನಿ ಅಂದೆ.

ಬುಧವಾರ, ಮಾರ್ಚ್ 20

ಪಟ್ಟಿ ಹಾಕುತ್ತಾ ಕೂತೆ. ಹತ್ತು ಜೋಡಿ. ಮೊದಲನೆಯದು ಎಂಟಕ್ಕೆ, ಕೊನೆಯದು ಹತ್ತೂಕಾಲಿಗೆ.

ಮೂವತ್ತು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಬರೆಯುವ ಮುಂದಿನ ಮೇಜಿನವಳು ನಾನು. ನೋವು ಎಂದು ಕೆನ್ನೆ ಹಿಡಿದು ಬಂದವರನ್ನು ಒಮ್ಮೆಯೂ ವಾಪಸ್ ಕಳಿಸಿದವಳಲ್ಲ. ಎಷ್ಟೇ ರಶ್ ಇರಲಿ, ಇಬ್ಬರ ನಡುವೆ ಒಂದು ಸಂದು ಮಾಡಿ ಕೂರಿಸುತ್ತಿದ್ದೆ. ಇಲ್ಲಿ ಸಂದು ಮಾಡುವುದೂ ಬೇಕಿರಲಿಲ್ಲ. ಹತ್ತೂಕಾಲು ಖಾಲಿಯೇ ಇತ್ತು.

ಅಲ್ಲಿ ಅವಳಿ ಹುಡುಗರಲ್ಲೊಬ್ಬನನ್ನು, ಅವನ ತಾಯಿಯನ್ನು ಬರೆದೆ. ಎಂಟು ಗಂಟೆಗೆ ಎಡಚಿಯನ್ನು, ನನ್ನನ್ನು. ಬೆಳಗ್ಗೆ ಗಾಳಿ ಕಡಿಮೆ. ಹುಲ್ಲು ತಣ್ಣಗಿರುತ್ತದೆ. ನಾನು ಬೇಗ ಆಡಿ ಮುಗಿಸಿದರೆ ಉಳಿದವರನ್ನು ನೋಡಿಕೊಳ್ಳಬಹುದು...

ಸುಳ್ಳು. ನನಗೆ ಆಡಬೇಕಿತ್ತು. ಅವಳ ಜೊತೆ ನಾನೇ ಆಡಬೇಕಿತ್ತು. ಇಲ್ಲಿ ಕೂಡ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಬರೆಯಲಿ.

ಅವರಿಗೆ ಫೋನ್ ಮಾಡಿದೆ. "ನಿಮ್ಮ ಮಗಳದು ಮೊದಲನೇ ಜೋಡಿ, ಎಂಟು ಗಂಟೆಗೆ. ಪಟ್ಟಿ ಫೈನಲ್ ಆಗಿದೆ. ಬದಲಾಯಿಸೋಕೆ ಆಗಲ್ಲ."

"ಇರ್ಲಿ ಬಿಡಿ ಮೇಡಂ. ನೀವಿದ್ದೀರಲ್ಲ ಅವಳ ಜೊತೆ, ನಂಗೇನು ಚಿಂತೆ."

ಬೈಯಬಾರದಿತ್ತೇ ಒಂದು ಮಾತು. ಟೋಸ್ಟರಿನಲ್ಲಿ ಬ್ರೆಡ್ ಕರಕಲಾಯಿತು. ಅದನ್ನೇ ತಿಂದೆ.

ಶನಿವಾರ, ಮಾರ್ಚ್ 23

ಪಟ್ಟಿ ಅಂಟಿಸಿದೆ. ಎಡಚಿ ಕುಣಿದಳು. "ನಾವೇ ಫಸ್ಟ್ ಆಂಟಿ! ಗೆದ್ರೆ ಕಪ್ಪು ಅಪ್ಪಂಗೆ. ಲಾರಿ ಮುಂದಿನ ಗಾಜಿನ ಹತ್ರ ಇಟ್ಕೊಳ್ಳಿ, ದಾರೀಲೆಲ್ಲ ಎಲ್ರೂ ನೋಡ್ಲಿ."

ಸಂಜೆ ಒಂದು ಸಲ ಅವರಿಗೆ ಫೋನ್ ಮಾಡಿದೆ. ಸಿಗ್ನಲ್ ಇಲ್ಲ ಎಂದು ಬಂತು. ಹತ್ತೂಕಾಲಿಗೆ ಬನ್ನಿ ಎಂದು ಮೆಸೇಜ್ ಹಾಕಬಹುದಿತ್ತು. ಎರಡು ಪದ ಬರೆದೆ. ಅಳಿಸಿದೆ.

ಭಾನುವಾರ, ಮಾರ್ಚ್ 24, ಬೆಳಿಗ್ಗೆ 6

ಗ್ಲೌಸ್ ಹಾಕಿ, ತೆಗೆದು, ಮತ್ತೆ ಹಾಕಿ... ಹೊರಡುತ್ತೇನೆ.

ಸಂಜೆ

ಬರೆಯಲೇಬೇಕು.

ಚೆನ್ನಾಗಿ ಆಡಿದೆವು. ತುಂಬ ಚೆನ್ನಾಗಿ. ಸೆಕ್ರೆಟರಿ ಲೆಕ್ಕದ ಕಾರ್ಡು ಹಿಡಿದು ಜೊತೆಗೆ ನಡೆದರು. ಅಷ್ಟು ಹೊತ್ತು ಸೀಟಿಯನ್ನು ಅವಳಿ ಹುಡುಗರ ತಾಯಿಗೆ ಕೊಟ್ಟಿದ್ದೆ. ನಾನು ಎರಡು ಸಲ ಕೆಡಿಸಿದೆ. ಎರಡು ಸಲವೂ ಎಡಚಿ ನನ್ನತ್ತ ಬೆರಳು ಅಲ್ಲಾಡಿಸಿದಳು, ಸಾರಿ ಅನ್ನಬೇಡಿ ಎಂದು. ನನ್ನ ಜೀವನದಲ್ಲಿ ಇಷ್ಟು ಹಗುರವಾಗಿ ನಾನು ನಡೆದದ್ದಿಲ್ಲ. ಅದನ್ನು ಸುಳ್ಳು ಎನ್ನಲಾರೆ.

ಕೊನೆಯ ಗ್ರೀನ್, ಕುಳಿಯ ಸುತ್ತಲಿನ ನುಣುಪು ಹುಲ್ಲು, ಕ್ಲಬ್ಬಿನ ಎದುರಿಗೇ. ಆಟ ಶುರುವಾಗುವ ಜಾಗವೂ ಪಕ್ಕದಲ್ಲೇ. ಚೆಂಡು ಕುಳಿಯಿಂದ ಒಂದು ಮೊಳ ದೂರ ನಿಂತಿತ್ತು. ಹೊಡೆಯುವ ಸರದಿ ನನ್ನದು.

"ಇದೊಂದು ಒಳಗೆ ಹೋದ್ರೆ ಕಪ್ಪು ನಿಮ್ದೇ ಅನ್ಕೊಳ್ಳಿ," ಎಂದು ಸೆಕ್ರೆಟರಿ ಪಿಸುಗುಟ್ಟಿದರು. "ಹೋದ ವರ್ಷ ಗೆದ್ದೋರಿಗಿಂತ ಮೂರು ಹೊಡೆತ ಕಮ್ಮಿ."

ತಲೆ ಎತ್ತಿದೆ. ಗೇಟಿನಾಚೆ ಲಾರಿ. ನೋಟಿಸ್ ಬೋರ್ಡಿನ ಹತ್ತಿರ ಒಬ್ಬ ಮನುಷ್ಯ, ಕೈಯಲ್ಲಿ ಕೋಲು. ಅವಳದೇ ಹಣೆ, ಅವಳದೇ ನಿಲುವು. ಎಡಚಿಯ ಬೆನ್ನು ಆ ಕಡೆಗಿತ್ತು. ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. ಆಮೇಲೆ ಬೋರ್ಡಿನತ್ತ ತಿರುಗಿ ಪಟ್ಟಿ ಓದಿದರು, ಬೆರಳಿಟ್ಟುಕೊಂಡು, ಕೆಳಗಿನವರೆಗೂ. ಸರದಿಗಾಗಿ ಕಾಯುತ್ತಿದ್ದ ಕೊನೆಯ ಜೋಡಿಯನ್ನು ನೋಡಿದರು. ನನ್ನನ್ನು ನೋಡಿದರು.

ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಅರ್ಥವಾದ ಮುಖ, ಅಷ್ಟೇ.

ಆಮೇಲೆ ಮಾಡಿದ್ದು ಯಾವ ಬುದ್ಧಿಯೋ ತಿಳಿಯದು. "ಬನ್ನಿ," ಎಂದು ಕೂಗಿದೆ. "ಇದು ನೀವು ಹೊಡೀಬೇಕಾದ್ದು." ನನ್ನ ಪಟರ್, ಕುಳಿಗೆ ತಳ್ಳುವ ಸ್ಟಿಕ್ಕು, ಅವರ ಕೈಗೆ ತುರುಕಿದೆ.

"ಅಪ್ಪಾ!" ಎಡಚಿಯ ಮುಖ ಅರಳಿತು. ಮರುಕ್ಷಣವೇ, "ಆಂಟಿ, ಬೇಡ, ಬೇಡ..."

ಅವರಿಗೇನು ಗೊತ್ತು ಪಾಪ. ಹೇಳಿದ್ದನ್ನು ಮಾಡಿದರು. ಚೆಂಡಿನ ಆ ಕಡೆಗೆ ಹೋಗಿ ನಿಂತು, ಪಟರ್‌ನ ಹಿಂಬದಿಯಿಂದ ತಳ್ಳಿದರು. ಚೆಂಡು ಕುಳಿಯ ಪಕ್ಕದಲ್ಲಿ ಉರುಳಿ ಹುಲ್ಲಿಗೆ ಹೋಯಿತು. ಯಾರೋ ನಕ್ಕರು.

ಸೆಕ್ರೆಟರಿ ಕೆಮ್ಮಿದರು. "ಮಧ್ಯದಲ್ಲಿ ಆಳು ಬದಲಾದ್ರೆ ಡಿಸ್‌ಕ್ವಾಲಿಫೈ. ನೀವೇ ಮಕ್ಕಳಿಗೆ ಹೇಳ್ಕೊಡೋದಲ್ವಾ ಮೇಡಂ?"

ಹೌದು. ನಾನೇ.

"ಅಪ್ಪಂದೂ ಎಡಗೈ," ಅಂದಳು ಎಡಚಿ. ಕಣ್ಣು ತುಂಬಿತ್ತು. "ನಿಮ್ ಸ್ಟಿಕ್ಕಲ್ಲಿ ಹೆಂಗೆ ಹೊಡೀತಾರೆ? ಅದೂ ಗೊತ್ತಿಲ್ಲ ನಿಮ್ಗೆ. ಕಪ್ಪು ನಾನು ಗೆದ್ದು ಅಪ್ಪಂಗೆ ಕೊಡ್ಬೇಕಿತ್ತು. ನಿಮ್ಮನ್ನ ಯಾರು ಕೇಳಿದ್ರು ಆಂಟಿ?"

ಅಪ್ಪ ಅವಳ ಭುಜ ಬಳಸಿ ಕರೆದುಕೊಂಡು ಹೋದರು. ಪಟರ್ ಅನ್ನು ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟೇ ಹೋದರು.

ಮೊದಲು ಅವರ ಜಾಗ ಕಿತ್ತುಕೊಂಡೆ. ಆಮೇಲೆ ದೊಡ್ಡ ಮನಸ್ಸು ತೋರಿಸಲು ಹೋಗಿ ಅವಳ ಕಪ್ಪು ಕಳೆದೆ. ಎರಡೂ ನನಗಾಗಿಯೇ ಮಾಡಿಕೊಂಡದ್ದು. ಕೊನೆಯ ಜೋಡಿಗೆ ಸೀಟಿ ಊದಿದೆ. ಖಾಲಿ ಕುರ್ಚಿಗಳ ನಡುವೆ ಕಾಫಿ ಕುಡಿದೆ.

ಶನಿವಾರ, ಮಾರ್ಚ್ 30

ಎಡಚಿ ಬರಲಿಲ್ಲ. ಎಡಗೈ ಸ್ಟಿಕ್ಕುಗಳು ಗೋಡೆಗೆ ಒರಗಿದ್ದಲ್ಲೇ ಇದ್ದವು. ಅವಳಿ ಹುಡುಗರು, "ಕಪ್ಪು ಯಾಕೆ ಹೋಯ್ತು ಸೀಟಿ ಆಂಟಿ?" ಎಂದು ಕೇಳಿದರು. ಮರಳಿನಲ್ಲಿ ಮನೆ ಕಟ್ಟಿ ಹೋಗಿ, ಅಂದೆ.

ಶನಿವಾರ, ಏಪ್ರಿಲ್ 13

ಬಕೆಟ್ ತೊಳೆಯುತ್ತಿದ್ದೆ. ಹಿಂದೆ ಬಂದು ನಿಂತಿದ್ದಳು. ಉದ್ದವಾಗಿದ್ದಾಳೆ ಅನ್ನಿಸಿತು, ಮೂರೇ ವಾರಕ್ಕೆ.

"ಅಪ್ಪ ನಿಮ್ಗೆ ಮೊದ್ಲೇ ಫೋನ್ ಮಾಡಿದ್ರಾ?"

"ಮಾಡಿದ್ರು."

"ಕೊನೇ ಜಾಗ ಖಾಲಿ ಇತ್ತಾ?"

"ಇತ್ತು."

"ಮತ್ತೆ ಯಾಕೆ ಆಗಲ್ಲ ಅಂದ್ರಿ?"

ಮಗುವಿಗೆ ಹೇಳಲು ಬೇಕಾದಷ್ಟು ಕಾರಣಗಳಿದ್ದವು, ಮೂರು ವಾರ ಅದೇ ಕೆಲಸ ಮಾಡಿದ್ದೆ. ಅವನ್ನೆಲ್ಲ ಬಿಟ್ಟೆ. "ನಿನ್ ಜೊತೆ ನಾನೇ ಆಡ್ಬೇಕು ಅನ್ನಿಸ್ತು ಪುಟ್ಟಾ. ನಂಗೂ ಯಾರೂ ಇರ್ಲಿಲ್ಲ."

ಯೋಚನೆ ಮಾಡಿದಳು. ಹುಬ್ಬು ಗಂಟು ಹಾಕಿಕೊಂಡು, ದೂರದ ಹೊಡೆತಕ್ಕೆ ಮುಂಚೆ ಮಾಡುವ ಹಾಗೆ.

"ಜೋಡೀಲಿ ಸಾರಿ ಹೇಳಂಗಿಲ್ಲ. ಬೇಕು ಅಂತ ಕೆಡಿಸಿದ್ರೆ?"

"ಹೇಳ್ಬೇಕು."

ಕೈ ಕಟ್ಟಿಕೊಂಡು ಕಾದಳು. ಸಾರಿ ಅಂದೆ. ತಲೆಯಾಡಿಸಿದಳು. ನಗಲಿಲ್ಲ.

"ಅಪ್ಪಂಗೂ. ಗೇಟ್ ಹತ್ರ ಇದ್ದಾರೆ."

ಹೋದೆ. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತಾ. ಲಾರಿಯ ಪಕ್ಕದ ಹುಲ್ಲಿನ ಪಟ್ಟಿಯಲ್ಲಿ ನಿಂತಿದ್ದರು, ಎಡಗೈಯಲ್ಲಿ ಕೋಲು ಹಿಡಿದು, ಕಾಲ ಹತ್ತಿರ ಬಾಟ್ಲಿ ಮುಚ್ಚಳ. ನನ್ನನ್ನು ಕಂಡವರೇ ಗಡಿಬಿಡಿಯಿಂದ ಕೋಲನ್ನು ಬೆನ್ನ ಹಿಂದೆ ಅಡಗಿಸಿದರು.

"ಸಾರಿ ಮೇಡಂ," ಅಂದರು. "ಇಲ್ಲಿ ಆಡ್ಬಾರದೇನೋ."

ಅವರು. ನನಗೆ.

ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಸಾರಿ ಹೇಳ್ಬೇಕಾದ್ದು ನಾನು," ಅಂದೆ.