ನಮ್ಮ ಮಕ್ಕಳ ಗುರುವಾರಗಳನ್ನು ಹಿಂದಿರುಗಿಸಿ

ಪುರಸಭೆಯ ಮಾನ್ಯ ಶಿಕ್ಷಣ ನಿರ್ದೇಶಕರೇ,

ನಮ್ಮ ಊರಿನ ಶಿಶುವಿಹಾರಗಳಿಗೆ ಪ್ರತಿ ಗುರುವಾರ ಬಂದು ಮಕ್ಕಳಿಗೆ ಉಚ್ಚಾರಣೆ ಕಲಿಸುತ್ತಿದ್ದ ಶಿಕ್ಷಕಿಯನ್ನು ಕಳೆದ ಆಗಸ್ಟಿನಲ್ಲಿ ತಾವು ನಿಲ್ಲಿಸಿಬಿಟ್ಟಿರಿ. ಆಕೆಯನ್ನು ಮತ್ತೆ ನಮ್ಮಲ್ಲಿಗೆ ಕಳಿಸಿ ಎಂದು ತಮಗೆ ಮೂರು ಸಲ ಲಕೋಟೆಯಲ್ಲಿ ಬರೆದೆ. ಮೂರು ಸಲವೂ ಒಂದೇ ಉತ್ತರ: "ಮಗುವಿನ ಮಾತು ಒಟ್ಟಾರೆ ಅರ್ಥವಾಗುತ್ತಿರುವುದರಿಂದ, ಒಂದು ಧ್ವನಿಯ ಕೊರತೆಯು ಸೇವೆಗೆ ಅರ್ಹವಲ್ಲ." ಆದ್ದರಿಂದ ಈ ಸಲ ಲಕೋಟೆ ಬಿಟ್ಟು ಊರ ಪತ್ರಿಕೆಯನ್ನೇ ಹಿಡಿದಿದ್ದೇನೆ.

ನಾನು ಈ ಊರಿನ ದ್ವೀಪಗಳ ನಡುವೆ ಮೂವತ್ತೊಂದು ವರ್ಷ ಲಾಂಚು ನಡೆಸಿ ನಿವೃತ್ತಳಾದವಳು. ನನ್ನ ಮೊಮ್ಮಗಳಿಗೆ ಆರು ವರ್ಷ, ಹೆಸರು ರೌಹಾ. ನನ್ನ ತಾಯಿಯ ಹೆಸರದು, ಶಾಂತಿ ಎಂದು ಅರ್ಥ. ಅವಳ ಬಾಯಿಂದ ಬರುವಾಗ ಮಾತ್ರ ಅದು ಲೌಹಾ. ತಮ್ಮ ಕಚೇರಿಯ ಭಾಷೆಯಲ್ಲಿ ಇದು ಒಂದು ಧ್ವನಿಯ ಕೊರತೆ. ಒಪ್ಪಿದೆ. ತಾವು ಒಂದು ದಿನ, ಬೆಳಗಿನ ಕಾಫಿಯಿಂದ ಸಂಜೆಯ ಸೌನಾದ ಹಬೆಸ್ನಾನದವರೆಗೆ, ಆ ಧ್ವನಿಯನ್ನು ಬಿಟ್ಟು ಬದುಕಿ ನೋಡುತ್ತೀರಾ? ತುಂಬಿದ ಸಭೆಯಲ್ಲಿ ಎದ್ದು ನಿಂತು "ನಾನು ಶಿಕ್ಷಣ ನಿಲ್ದೇಶಕ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡನೆಯ ಸಲ ತಾವು ಎದ್ದು ನಿಲ್ಲುತ್ತೀರಾ?

ರೌಹಾ ನಿಲ್ಲಲಿಲ್ಲ. ಶಿಶುವಿಹಾರದಲ್ಲಿ ಯಾರೋ ಅಣಕಿಸಿದ ಮೇಲೆ ಆ ಧ್ವನಿ ಇರುವ ಮಾತುಗಳನ್ನೇ ಬಿಟ್ಟುಬಿಟ್ಟಳು. ಕರಡಿ ಎನ್ನುವುದಿಲ್ಲ, "ಕಾಡಲ್ಲಿ ಜೇನು ತಿನ್ನೋದು" ಎನ್ನುತ್ತಾಳೆ. ಸಕ್ಕರೆಗೆ "ಸಿಹಿ ಪುಡಿ", ಕ್ಯಾರೆಟ್ಟಿಗೆ "ಮೊಲದ ಊಟ". ಇದನ್ನೆಲ್ಲ ಕೇಳಿ ತಮ್ಮ ಪರೀಕ್ಷಕರು ಅವಳ ಕಡತದಲ್ಲಿ ಏನು ಬರೆದರು ಗೊತ್ತೇ? "ಶಬ್ದಸಂಪತ್ತು ಅಸಾಧಾರಣ, ಕಲ್ಪನಾಶಕ್ತಿ ಶ್ಲಾಘನೀಯ, ಯಾವ ನೆರವೂ ಬೇಕಿಲ್ಲ." ಕುಂಟುವ ಮಗುವನ್ನು ನೋಡಿ ಕುಣಿತ ಚೆನ್ನಾಗಿದೆ ಎಂದ ಹಾಗಾಯಿತು, ಸ್ವಾಮಿ.

ಅಕ್ಟೋಬರಿನಲ್ಲಿ ಬಂದರಿನ ಮೀನು ಸಂತೆ ನಡೆಯಿತಲ್ಲ, ಉದ್ಘಾಟನೆಗೆ ತಾವೂ ಬಂದಿದ್ದಿರಿ. ನಾನು ಉಪ್ಪುಮೀನಿನ ಡಬ್ಬಿ ಆರಿಸುತ್ತಿದ್ದೆ. ತಿರುಗಿ ನೋಡಿದರೆ ಪಕ್ಕದಲ್ಲಿ ರೌಹಾ ಇಲ್ಲ. ನಾಲ್ಕು ಹೆಜ್ಜೆ ಆಚೆಗೆ ನೀರು. ಕೂಗುತ್ತಾ ಓಡಿದೆ, ದೋಣಿಗಳ ನಡುವಿನ ಕಪ್ಪು ನೀರನ್ನು ಒಂದೊಂದು ಸಂದಿನಲ್ಲೂ ಬಗ್ಗಿ ನೋಡಿದೆ. ಅಷ್ಟು ವರ್ಷ ಅದೇ ನೀರಿನ ಮೇಲೆ ದುಡಿದವಳಿಗೆ ಅವತ್ತು ಅದನ್ನು ನೋಡುವುದೇ ಬೇಡವೆನಿಸಿತು. ಧ್ವನಿವರ್ಧಕದಲ್ಲಿ ಹೆಲ್ಮಿ ಎಂಬ ಮಗು ಕಾವಲುಗಾರರ ಕೋಣೆಯಲ್ಲಿದೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಹೆಲ್ಮಿಯ ಮನೆಯವರು ಎಂಥ ಬೇಜವಾಬ್ದಾರಿ ಜನ ಎಂದು ಬೈದುಕೊಂಡೇ ಓಡಾಡಿದೆ. ನಲವತ್ತು ನಿಮಿಷದ ನಂತರ ಅದೇ ಧ್ವನಿ "ಹಳದಿ ಬೂಟು ಹಾಕಿರುವ ಹೆಲ್ಮಿ" ಎಂದಿತು. ಬೆಳಿಗ್ಗೆ ರೌಹಾಗೆ ಹಳದಿ ಬೂಟು ತೊಡಿಸಿದವಳು ನಾನೇ; ಕಾವಲುಗಾರರ ಕೋಣೆಗೆ ಓಡಿದೆ.

ರೌಹಾ ಒಂದು ಪೀಪಾಯಿಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಅಪ್ಪಿಕೊಂಡು, ಸುಳ್ಳು ಹೆಸರು ಯಾಕೆ ಹೇಳಿದೆ ಎಂದು ಕೇಳಿದೆ.

"ಆ ಮಾಮ ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಅಂತಾನೇ ಇದ್ದ ಅಜ್ಜಿ," ಎಂದಳು. "ಹೆಲ್ಮಿ ಅಂದ್ಲೆ ಒಂದೇ ಸಲಕ್ಕೆ ಆಗೋಗುತ್ತೆ."

ಮಾನ್ಯರೇ, ಆರು ವರ್ಷದ ಮಗು ನೀರಿನಂಚಿನಲ್ಲಿ ಕಳೆದುಹೋದಾಗಲೂ ತನ್ನ ಹೆಸರನ್ನು ಬಚ್ಚಿಟ್ಟುಕೊಳ್ಳಬೇಕಾದರೆ ಆ ಕೊರತೆ ಎಷ್ಟು ದೊಡ್ಡದಿರಬೇಕು? ಯಾವ ಅಳತೆಗೋಲಿನಲ್ಲಿ ಅದು "ಒಂದು"?

ಮರುದಿನ ತಮ್ಮ ಕಚೇರಿಗೆ ಫೋನು ಮಾಡಿದೆ. "ಒಂದೇ ಅಕ್ಷರ ಅಲ್ವೇನಮ್ಮಾ, ಸ್ಕೂಲಿಗೆ ಸೇರಿದ್ಮೇಲೆ ಅವ್ರು ನೋಡ್ಕೋತಾರೆ," ಎಂದರು ತಮ್ಮ ಗುಮಾಸ್ತೆ. ಶಾಲೆಗೆ ಹೋದೆ. ಇದನ್ನೆಲ್ಲ ಶಿಶುವಿಹಾರದಲ್ಲೇ ಮುಗಿಸಿಕೊಂಡು ಬರಬೇಕಿತ್ತು ಎಂದರು. ಈ ಎರಡು ದಡಗಳ ನಡುವೆ ಲಾಂಚು ಬಿಡುವವರು ಯಾರೂ ಕಾಣಲಿಲ್ಲ. ಹಾಗಾಗಿ ನಾನೇ ಬಿಟ್ಟೆ.

ತಾವು ನಿಲ್ಲಿಸಿದ ಆ ಶಿಕ್ಷಕಿ ಮಾಯ್ಲಿಸ್ ಈಗ ಪಕ್ಕದ ಊರಿನಲ್ಲಿ ಕೆಲಸದಲ್ಲಿದ್ದಾರೆ. ಗುರುವಾರ ಅವರಿಗೆ ರಜೆ. ಕೇಳಿದ್ದೇ ತಡ, ಬಸ್ಸು ಹತ್ತಿ ಬಂದರು. ಹಳೆಯ ಲಾಂಚು ಕಟ್ಟೆಯ ಪ್ರಯಾಣಿಕರ ಕೋಣೆಯ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ (ಇದನ್ನು ದಯವಿಟ್ಟು ಬಂದರು ಇಲಾಖೆಗೆ ತಿಳಿಸಬೇಡಿ). ನವೆಂಬರಿನಿಂದ ಅಲ್ಲಿ ನಾಲ್ಕು ಮಕ್ಕಳು, ಒಂದು ಸೌದೆ ಒಲೆ, ಬಿಸಿ ನೇರಳೆಹಣ್ಣಿನ ಗಂಜಿ. ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಇಟ್ಟು ದ ದ ದ ಎಂದು ಬೇಗಬೇಗ ಹೇಳಿಸುತ್ತಾರೆ ಮಾಯ್ಲಿಸ್. ಹೇಳುತ್ತಾ ಹೇಳುತ್ತಾ ಒಂದು ದಿನ ನಾಲಿಗೆ ತಾನಾಗಿಯೇ ಅದುರಲು ಕಲಿಯುತ್ತದಂತೆ. ಕ್ರಿಸ್‌ಮಸ್ ಬಂತು, ಹೋಯಿತು. ಯಾವ ನಾಲಿಗೆಯೂ ಅದುರಲಿಲ್ಲ. ನನಗೆ ಒಳಗೊಳಗೇ ಅಳುಕು. ಮಾಯ್ಲಿಸ್ ಮಾತ್ರ ಗಂಜಿ ಕುಡಿಯುತ್ತಾ ನಗುತ್ತಿದ್ದರು.

ಫೆಬ್ರುವರಿಯ ಒಂದು ಗುರುವಾರ ಒಲೆ ಹತ್ತಲೇ ಇಲ್ಲ. ಸೌದೆ ಹಸಿ. ರೌಹಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದಿದಳು, ಆಮೇಲೆ ಅದನ್ನು ಗದರಿಸತೊಡಗಿದಳು. ಕಲಿತ ಪಾಠದಂತೆ ದ ಹಾಕಿಕೊಂಡೇ ಗದರಿಸಿದಳು: "ಉದಿ, ಉದಿ, ಉದಿದಿ, ಉದ್ದಿ, ಉರ್ರಿ."

ಮಾಯ್ಲಿಸ್ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ರೌಹಾಗೆ ಮಾತ್ರ ಏನೂ ಗೊತ್ತಿಲ್ಲ, ಊದುತ್ತಲೇ ಇದ್ದಾಳೆ. ಪಕ್ಕದಲ್ಲಿದ್ದ ಉರ್ಹೊ ಅವಳ ತೋಳು ಹಿಡಿದು ಅಲ್ಲಾಡಿಸಿದ. ಅವನಿಗೂ ಆರು, ಅವನೂ ತನ್ನನ್ನು ಉಲ್ಹೊ ಎಂದು ಕರೆದುಕೊಳ್ಳುವವನು.

"ಈಗ ನೀನ್ ಅದನ್ನ ಅಂದ್ಯಲ್ಲ," ಎಂದ.

"ಏನಂದೆ?"

ಉರ್ಹೊ ಬಾಯಿ ತೆರೆದ, ಮುಚ್ಚಿದ. "ನಂಗೆ ಹೇಳಕ್ಕಾಗಲ್ಲ," ಎಂದ.

ನಾವು ನಕ್ಕೆವು, ಅವನೂ ನಕ್ಕ. ಅವತ್ತಿನಿಂದ ನಮ್ಮ ಮನೆಯಲ್ಲಿ ಕಿವಿ ಕೊಡುವ ಹಾಗಿಲ್ಲ. ರೌಹಾ ಬೆಣ್ಣೆಯಲ್ಲೂ ರ ಸೇರಿಸುತ್ತಾಳೆ. ಬಸ್ಸಿನಲ್ಲಿ ಕೇಳದವರಿಗೂ ಹೋಗಿ ಹೆಸರು ಹೇಳಿ ಬರುತ್ತಾಳೆ. ನಾನು ತಡೆಯುವುದಿಲ್ಲ.

ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ತಾವು ಕಡತ ಮುಚ್ಚಬೇಡಿ. ಮೇ ತಿಂಗಳಿಂದ ಮಾಯ್ಲಿಸ್‌ಗೆ ಗುರುವಾರದ ರಜೆ ಇಲ್ಲ. ನನಗೆ ಗಂಜಿ ಕಾಸುವುದು ಬರುತ್ತದೆ, ನಾಲಿಗೆ ತಿದ್ದುವುದು ಬರುವುದಿಲ್ಲ. ನನ್ನ ಮೊಮ್ಮಗಳಿಗಾಗಿ ನಾನೀಗ ತಮ್ಮನ್ನು ಏನೂ ಕೇಳಬೇಕಿಲ್ಲ. ಕೇಳುತ್ತಿರುವುದು ಉಳಿದವರಿಗಾಗಿ: ನಮ್ಮ ಶಿಶುವಿಹಾರಗಳಿಗೆ ಗುರುವಾರದ ಶಿಕ್ಷಕಿಯನ್ನು ಈ ತಿಂಗಳೇ ಹಿಂದಕ್ಕೆ ಕಳಿಸಿ. ಆಗಸ್ಟಿನಲ್ಲಿ ಉರ್ಹೊ ಒಂದನೇ ತರಗತಿಗೆ ಹೋಗುತ್ತಾನೆ. ಮೊದಲ ದಿನ ಪ್ರತಿ ಮಗುವೂ ಎದ್ದು ನಿಂತು ತನ್ನ ಹೆಸರು ಹೇಳುವುದು ನಮ್ಮ ಶಾಲೆಯ ಪದ್ಧತಿ. ಆ ದಿನಕ್ಕೆ ಇನ್ನು ಹದಿನೈದು ಗುರುವಾರಗಳಿವೆ.

ಇಂತಿ,
ಬಂದರು ಇಲಾಖೆಗೆ ಒಂದು ಬೀಗದ ಕೈ ಬಾಕಿ ಇಟ್ಟುಕೊಂಡಿರುವ,
ಇರ್ಮೆಲಿ ಹರ್ಯುರಾಂತ
(ನಿವೃತ್ತ ಲಾಂಚು ಚಾಲಕಿ)