ತಕ್ಕಡಿಗೆ ಸಿಕ್ಕ ತುತ್ತು

ನನ್ನ ಬಾಯಿಬಡುಕಿ ಮಗಳೇ,

ಅಮ್ಮ ಇದನ್ನು ಓದಿ ಹೇಳುವಾಗ ನಡುವೆ ಬಾಯಿ ಹಾಕಬೇಡ, ಕಾರ್ಡಿನಲ್ಲಿ ಜಾಗ ಕಡಿಮೆ. ಇಲ್ಲಿ ಕಾರ್ಖಾನೆಯ ಕ್ಯಾಂಟೀನಿನ ಗೋಡೆಯ ಮೇಲೆ ಲೋಕ ಉಳಿಸಲು ವಿಶ್ವಸಂಸ್ಥೆ ಹಾಕಿಕೊಟ್ಟ ಹದಿನೇಳು ಗುರಿಗಳ ಪಟ್ಟಿ ಇದೆ. ಹಸಿವು ನೀಗಿಸುವುದು ಅದರಲ್ಲಿ ಎರಡನೆಯದು. ಅದಕ್ಕೆಂದೇ, ಯಾರೂ ಅನ್ನ ಹಾಳು ಮಾಡಬಾರದೆಂದು, ಕೈ ತೊಳೆಯುವ ಮುಂಚೆ ಎಲ್ಲರೂ ತಟ್ಟೆಯಲ್ಲಿ ಬಿಟ್ಟದ್ದನ್ನು ತೂಗಿಸಬೇಕು. ನಾನು ಬಂದಾಗಿನಿಂದ ದಿನವೂ ನನ್ನದು ಒಂದೇ ತೂಕ. ನಿನ್ನೆ ತೂಗುವಾಕೆ ಕೇಳಿಯೇಬಿಟ್ಟಳು: "ಯಾಕಣ್ಣ, ದಿನಾ ಸರಿಯಾಗಿ ಒಂದು ತುತ್ತು ಬಿಡ್ತೀರಲ್ಲ, ಯಾರಿಗೆ?"

ಆಗಲೇ ನನಗೂ ಗೊತ್ತಾದದ್ದು. ಮನೆಯಲ್ಲಿ ನನ್ನ ತಟ್ಟೆಯ ಕೊನೆಯ ತುತ್ತಿಗೆ ನೀನು ಬಾಯಿ ತೆರೆದು ಕೂತಿರುತ್ತಿದ್ದೆಯಲ್ಲ, ಕೈಗೆ ಆ ರೂಢಿ ಇನ್ನೂ ಹೋಗಿಲ್ಲ. "ಮಗಳಿಗೆ" ಅಂದೆ. ಅವಳು ನಗಲಿಲ್ಲ, ಆವತ್ತಿನ ತೂಕ ಬರೆದುಕೊಳ್ಳಲೂ ಇಲ್ಲ.

ನನ್ನ ಕೆಮ್ಮು ಹೋಯಿತು, ದಪ್ಪ ಹೊದಿಕೆ ಕೊಟ್ಟಿದ್ದಾರೆ, ಅಮ್ಮ ಚಿಂತೆ ಮಾಡುವುದು ಬೇಡ. ಸೈರನ್ ಕೂಗುತ್ತಿದೆ, ಇನ್ನೊಂದೇ ಮಾತು. ಇವತ್ತು ತಟ್ಟೆ ಪೂರ್ತಿ ಖಾಲಿ ಮಾಡಿದೆ. ತಕ್ಕಡಿ ಸೊನ್ನೆ ತೋರಿಸಿತು, ಜೊತೆಯವರು ಬೆನ್ನು ತಟ್ಟಿದರು. ನಿನ್ನ ತುತ್ತು ನಾನೇ ತಿಂದುಬಿಟ್ಟೆ ಪುಟ್ಟೀ, ಸಿಟ್ಟು ಮಾಡಿಕೊಳ್ಳಬೇಡ.

ನಿನ್ನ ಅಪ್ಪ